ಒಂದೇ ನೀರಿನ ಐವರು

ಫೆಬ್ರವರಿ 4

ಪ್ರೀತಿಯ ಸೂಜಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಸಲಿಗೆ ನಿಮ್ಮಣ್ಣನಿಗೆ ಮಾತ್ರ ಇತ್ತು ಎಂದು ನನಗೆ ಗೊತ್ತು. ಆದರೆ ಹನ್ನೊಂದು ವರ್ಷ ಅವರ ಬಾಯಲ್ಲಿ ಕೇಳಿ ಕೇಳಿ, ನಿನಗೆ ಬೇರೆ ಹೆಸರಿದೆ ಎನ್ನುವುದೇ ನನಗೆ ಮರೆತುಹೋಗಿದೆ. ಅವರು ಹೋದ ಮೇಲೆ ಈ ಆರು ತಿಂಗಳಲ್ಲಿ ನಾವಿಬ್ಬರೂ ಫೋನಿನಲ್ಲಿ ‘ಹೂಂ’, ‘ಸರಿ’, ‘ಆರೋಗ್ಯ ನೋಡ್ಕೊ’ ಬಿಟ್ಟು ಬೇರೇನೂ ಆಡಿಲ್ಲ. ಅದಕ್ಕೇ ಈ ಕಾಗದ. ಹಡಗಿನ ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಯಾವ ಬಂದರಿನಲ್ಲಿ ನಿನ್ನ ಕೈ ಸೇರುತ್ತದೋ.

ನಿಮ್ಮಣ್ಣ ಸಾಕಿದ್ದ ನೀಲಿ ಬೆಟ್ಟಾ ಮೀನು ಹೋಯಿತು. ಕಾಯಿಲೆಯೇನೂ ಇರಲಿಲ್ಲ, ವಯಸ್ಸಾಗಿತ್ತು. ‘ಬೆಟ್ಟ ಅಂತ ಹೆಸರಿಟ್ಕೊಂಡು ಹೆಬ್ಬೆರಳಷ್ಟೂ ಇರ್ಲಿಲ್ಲ’ ಎಂದರು ಅತ್ತೆ. ಅಷ್ಟೇ ಅಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೀನು ಹೋದರೂ ಗಾಜಿನ ತೊಟ್ಟಿಯಲ್ಲಿ ಗಿಡಗಳು ಬೆಳೆಯುತ್ತಲೇ ಇದ್ದವು. ಮೇಲೆ ತೇಲುವ ಎಲೆಗಳ ಬೇರು ಗಡ್ಡದ ಹಾಗೆ ಇಳಿಬಿದ್ದಿದ್ದವು. ಬಾದಾಮಿ ಮರದ ಒಣ ಎಲೆ ಹಾಕಿ ಹಾಕಿ ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಬೆಳಿಗ್ಗೆ ಬಿಸಿಲು ಬಿದ್ದರೆ ಆ ಹಸಿರು ಎದುರಿನ ಗೋಡೆಯ ಮೇಲೆಲ್ಲ ಅಲ್ಲಾಡುತ್ತದೆ. ‘ಯಾರೂ ಇಲ್ದಿರೋ ಮನೆಗೆ ದೀಪ ಯಾಕೆ, ತೆಗೆದುಬಿಡು’ ಎಂದರು ಅತ್ತೆ. ನನ್ನಿಂದ ಆಗಲಿಲ್ಲ. ಶನಿವಾರ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬರುವಾಗ ಮೀನಿನ ಅಂಗಡಿಗೆ ಹೋದೆ.

ಅಂಗಡಿಯಾಕೆ ‘ಇನ್ನೊಂದು ಗಂಡು ಕೊಡ್ಲಾ?’ ಅಂದರು. ಬೇಡ ಎಂದೆ. ಒಂದು ತಾಯಿಗೆ ಹುಟ್ಟಿದ ಐದು ಹೆಣ್ಣು ಬೆಟ್ಟಾಗಳು ಒಂದೇ ತೊಟ್ಟಿಯಲ್ಲಿದ್ದವು. ನಾನು ನೋಡುತ್ತ ನಿಂತದ್ದು ಕಂಡು ಅವರೇ ಶುರುಮಾಡಿದರು: ‘ಗಂಡುಗಳನ್ನ ಒಟ್ಟಿಗೆ ಬಿಡೋ ಹಾಗೇ ಇಲ್ಲ. ಹೆಣ್ಣುಗಳು ಒಂದೊಂದ್ಸಲ ಹೊಂದ್ಕೋತಾವೆ. ಇಬ್ಬರನ್ನೇ ಬಿಟ್ರೆ ಒಬ್ಬಳು ಇನ್ನೊಬ್ಬಳ ಮೇಲೇ ಬೀಳ್ತಾಳೆ. ಐವರಿದ್ರೆ ಸಿಟ್ಟು ಹಂಚಿಹೋಗತ್ತೆ. ಎಲ್ಲರನ್ನೂ ಒಂದೇ ಸಲ ಬಿಡಿ, ಮೊದಲು ಬಂದೋಳು ಇದು ನನ್ನ ಮನೆ ಅನ್ನಬಾರ್ದು. ಒಬ್ಬಳಿಗೆ ಇನ್ನೊಬ್ಬಳು ಕಾಣದ ಹಾಗೆ ದಟ್ಟವಾಗಿ ಗಿಡ ಇರ್ಲಿ. ಪಕ್ಕದಲ್ಲಿ ಒಂದು ಸಣ್ಣ ತೊಟ್ಟಿ ರೆಡಿ ಇಟ್ಕೊಂಡಿರಿ, ಆಗಿಬರದೋಳಿಗೆ. ರೆಕ್ಕೆ ಮುದುರಿ ಮೂಲೆ ಸೇರಿದೋಳನ್ನ ಕೂಡಲೇ ಅದಕ್ಕೆ ಹಾಕಿ. ಇಷ್ಟೆಲ್ಲ ಮಾಡಿದ್ರೂ ಗ್ಯಾರಂಟಿ ಕೊಡಲ್ಲ.’

ಐವರನ್ನೂ ತಂದೆ. ಅತ್ತೆ ಕುರ್ಚಿಯಿಂದಲೇ ನೋಡಿ, ‘ಇದೊಂದು ಬಾಕಿ ಇತ್ತು ಈ ಮನೆಗೆ’ ಎಂದರು. ಬಹಳ ದಿನದ ಮೇಲೆ ಅವರು ನನ್ನ ಮುಖ ನೋಡಿ ಆಡಿದ ಮಾತು ಅದು.

ಇಂತಿ,
ನಿನ್ನ ಅತ್ತಿಗೆ


ಮಾರ್ಚ್ 2

ಅತ್ತಿಗೆ,

ನಿಮ್ಮ ಕಾಗದ ಮೂರು ಬಂದರು ಸುತ್ತಿಕೊಂಡು ಬಂದು ಸೇರಿತು. ಲಕೋಟೆಯ ಮೇಲೆ ನಿಮ್ಮ ಅಕ್ಷರ ನೋಡಿ ಮೊದಲು ಹೆದರಿದೆ. ಮನೆಯಿಂದ ಸುದ್ದಿ ಎಂದರೆ ಈಗ ಹಾಗೇ ಆಗಿದೆ ನನಗೆ.

ನಾನಿರುವುದು ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ. ಹೊಲಿಗೆ ಕೋಣೆಗೆ ಕಿಟಕಿಯಿಲ್ಲ. ಎರಡು ಯಂತ್ರ, ಒಂದು ಇಸ್ತ್ರಿ ಮೇಜು, ಕಿತ್ತುಹೋದ ಗುಂಡಿ, ಹರಿದ ಮೇಜುಬಟ್ಟೆ, ಅಡುಗೆಯವರ ಸುಟ್ಟ ತೋಳಿನ ಕೋಟು. ಮಲಗಿದರೆ ತಲೆಯ ಪಕ್ಕದ ಕಬ್ಬಿಣದ ಗೋಡೆಯಾಚೆ ನೀರು ಉಜ್ಜಿಕೊಂಡು ಹೋಗುವುದು ಕೇಳಿಸುತ್ತದೆ. ನಿಮ್ಮ ಕಾಗದ ಓದಿದ ದಿನ, ಆಚೆಯಿಂದ ಯಾರೋ ಕಿವಿರು ಅಲ್ಲಾಡಿಸುತ್ತ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಒಂಥರಾ ಜೊತೆ ಸಿಕ್ಕ ಹಾಗಾಯಿತು.

ಐವರೂ ಹೊಂದಿಕೊಂಡರೇ? ಬಣ್ಣ ಬರೆಯಿರಿ. ಅಮ್ಮ ಹೇಗಿದ್ದಾರೆ? ನಾನು ಕೇಳಿದೆ ಎಂದು ಮಾತ್ರ ಹೇಳಬೇಡಿ. ‘ಮನಸ್ಸಿದ್ದಿದ್ರೆ ಬರ್ತಿದ್ದೆ’ ಎಂದು ಅಮ್ಮ ಅಂದ ಮೇಲೆ ನನಗೆ ಅವರ ಜೊತೆ ಮಾತು ಹೊರಡುವುದಿಲ್ಲ. ಅಣ್ಣನ ಸ್ಥಿತಿಯ ಸುದ್ದಿ ಕೈಗೆ ಬಂದಾಗ ಹಡಗು ಬಂದರು ಬಿಟ್ಟು ಎರಡು ಗಂಟೆಯಾಗಿತ್ತು, ಮುಂದಿನ ನೆಲ ಒಂಬತ್ತು ದಿನದ ದೂರ. ಸಮುದ್ರದ ಮೇಲೆ ನಡೆದು ಬರಬೇಕಿತ್ತೇ?

ಹೋಗಲಿ. ಮೀನಿನ ವಿಷಯ ಬರೆಯಿರಿ.

ಸೂಜಿ


ಮಾರ್ಚ್ 21

ಪ್ರೀತಿಯ ಸೂಜಿಗೆ,

ಬಣ್ಣ ಕೇಳಿದ್ದೀಯ. ಒಬ್ಬಳು ಕಡುನೀಲಿ, ಐವರಲ್ಲಿ ದೊಡ್ಡವಳು. ಒಬ್ಬಳು ಕೆಂಪು. ಒಬ್ಬಳು ಹಳದಿಗೆ ಕಪ್ಪು ಚುಕ್ಕೆ. ಒಬ್ಬಳು ಬಿಳಿ, ತೆಳ್ಳಗೆ, ಬೆಳಕಿಗೆ ಬಂದರೆ ಬೆನ್ನುಮೂಳೆ ಕಾಣುತ್ತದೆ. ಕೊನೆಯವಳು ಬೂದು ಬಣ್ಣದವಳು. ಬಿಸಿಲಿನಲ್ಲಿ ಮಾತ್ರ ಅವಳ ಮೈಮೇಲೆ ಎಲ್ಲಿಂದಲೋ ನೇರಳೆ ಬಣ್ಣ ಏಳುತ್ತದೆ.

ಮೊದಲ ನಾಲ್ಕು ದಿನ ನನ್ನ ಜೀವ ಬಾಯಿಗೆ ಬಂದಿತ್ತು. ಕಿವಿರು ಉಬ್ಬಿಸುವುದು, ರೆಕ್ಕೆ ಬಿಚ್ಚಿ ನಿಲ್ಲುವುದು, ಒಂದು ಸುತ್ತು ಅಟ್ಟಿಸಿಕೊಂಡು ಹೋಗಿ ಏನೂ ಆಗದವರ ಹಾಗೆ ವಾಪಸು ಬರುವುದು. ಐದನೇ ದಿನ ಒಬ್ಬೊಬ್ಬಳೂ ಒಂದೊಂದು ಗಿಡ ಹಿಡಿದುಕೊಂಡಳು. ಈಗ ಸಂಜೆ ಹೊತ್ತು ಅಗಲ ಎಲೆಗಳ ಮೇಲೆ ಮೈ ಚೆಲ್ಲಿ ಮಲಗುತ್ತಾರೆ. ಆಗಾಗ ಒಬ್ಬಳು ಮೇಲಕ್ಕೆ ಬಂದು ಗಾಳಿ ಗುಟುಕರಿಸಿ, ನಿದ್ದೆಗಣ್ಣಿನಲ್ಲಿ ನೀರು ಕುಡಿಯಲು ಎದ್ದವಳಂತೆ ಮತ್ತೆ ಅದೇ ಎಲೆಗೆ ಹೋಗಿ ಒರಗುತ್ತಾಳೆ.

ನಿಮ್ಮಮ್ಮ ಮೊದಲ ವಾರ ಅತ್ತ ತಿರುಗಿ ನೋಡಲಿಲ್ಲ. ಎರಡನೇ ವಾರ ಅವರ ಕುರ್ಚಿ ಒಂದಡಿ ಸರಿದಿತ್ತು. ಮೂರನೇ ವಾರ ನಾನು ಕೆಲಸದಿಂದ ಬಂದರೆ ಕುರ್ಚಿ ತೊಟ್ಟಿಯ ಎದುರಿಗೇ ಇದೆ, ತೊಡೆಯ ಮೇಲೆ ಒಂದು ನೋಟುಪುಸ್ತಕ! ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ನಡೆಸಿದ ದಾದಿ ಸುಮ್ಮನೆ ಕೂರುತ್ತಾರೆಯೇ? ‘ಬೆಳಿಗ್ಗೆ ಎಂಟು. ಮೂರನೇ ನಂಬರು ಊಟ ಬಿಟ್ಟಳು. ಹನ್ನೊಂದು. ಊಟ ಮಾಡಿದಳು, ಬರೀ ನಾಟಕ.’ ಹೀಗೆ ಬರೆದಿದ್ದಾರೆ. ಆಮೇಲೆ ನಂಬರು ಹೋಗಿ ಹೆಸರು ಬಂತು. ನೀಲಿಯವಳು ಮೇಟ್ರನ್. ಕೆಂಪಿನವಳು ಜಂಬಗಾತಿ. ಹಳದಿ, ಹೊಟ್ಟೆಬಾಕಿ. ಬಿಳಿ, ನಿದ್ದೆಬುರುಕಿ. ಬೂದುಬಣ್ಣದವಳಿಗೆ ಮೋಡ ಎಂದಿಟ್ಟರು. ‘ಇವಳೊಬ್ಬಳು ಯಾರ ತಂಟೆಗೂ ಹೋಗಲ್ಲ’ ಎನ್ನುತ್ತಾರೆ.

ಮೊನ್ನೆ ನಾನು ಬಾಗಿಲು ತೆಗೆಯುತ್ತಿದ್ದಂತೆ ಒಳಗಿಂದ ಕೂಗಿದರು: ‘ಬೇಗ ಬಾರೇ, ಮೇಟ್ರನ್‌ಗೂ ಜಂಬಗಾತಿಗೂ ಬಿತ್ತು!’ ನಾನು ಚಪ್ಪಲಿ ಬಿಡದೆ ಓಡಿದೆ. ಇಬ್ಬರೂ ತೊಟ್ಟಿಗೆ ಮೂಗು ತಾಗಿಸಿ ಕೂತೆವು. ಜಗಳ ಆಗಲೇ ಮುಗಿದುಹೋಗಿತ್ತು. ಆದರೂ ಕತ್ತಲಾಗುವವರೆಗೆ ಕೂತೇ ಇದ್ದೆವು. ಅವರ ಭುಜ ನನ್ನ ಭುಜಕ್ಕೆ ತಾಗಿತ್ತು. ನಿಮ್ಮಣ್ಣ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿರಲಿಲ್ಲ.

ಇಂತಿ,
ನಿನ್ನ ಅತ್ತಿಗೆ


ಏಪ್ರಿಲ್ 15

ಅತ್ತಿಗೆ,

ನಿಮ್ಮ ಕಾಗದವನ್ನು ಬಟ್ಟೆ ಒಗೆಯುವ ವಿಭಾಗದ ಗೆಳತಿಯರಿಗೆ ಅವರ ಭಾಷೆಯಲ್ಲಿ ಹೇಳಿ ತೋರಿಸಿದೆ. ಈಗ ನಮ್ಮ ಮೇಲ್ವಿಚಾರಕಿಗೆ ಬೆನ್ನ ಹಿಂದೆ ಮೇಟ್ರನ್ ಎಂದೇ ಹೆಸರು. ಊಟಕ್ಕೆ ಕೂತರೆ ‘ಮೀನುಗಳ ಸುದ್ದಿ ಬಂತಾ?’ ಎಂದು ಕೇಳುತ್ತಾರೆ. ನಾನು ನಿದ್ದೆಬುರುಕಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ.

ನಿನ್ನೆ ಬಿಡುವು ಸಿಕ್ಕು ಮೇಲಿನ ಅಂತಸ್ತಿಗೆ ಹೋಗಿದ್ದೆ. ಅಲೆಯೇ ಇರಲಿಲ್ಲ. ಸಮುದ್ರ ಇಸ್ತ್ರಿ ಮಾಡಿಟ್ಟ ಹಾಗಿತ್ತು. ನಾವು ಚಲಿಸುತ್ತಿದ್ದೇವೋ ನಿಂತಿದ್ದೇವೋ ತಿಳಿಯುತ್ತಿರಲಿಲ್ಲ. ಅಣ್ಣ ಇದ್ದಿದ್ದರೆ ಇದನ್ನು ಅವನಿಗೆ ಬರೆಯುತ್ತಿದ್ದೆ. ಈಗ ನಿಮಗೆ ಬರೆಯುತ್ತಿದ್ದೇನೆ. ಬರೆಯಲು ಮನೆಯಲ್ಲಿ ಒಬ್ಬರಿದ್ದೀರಲ್ಲ ಎಂದು ಸಮಾಧಾನವಾಯಿತು. ಇದನ್ನು ನಾನು ಹಿಂದೆಯೇ ನಿಮಗೆ ಹೇಳಬೇಕಿತ್ತು.

ಮೋಡ ಹೇಗಿದ್ದಾಳೆ? ಅವಳ ಬಗ್ಗೆ ಹೆಚ್ಚು ಬರೆಯಿರಿ.

ಸೂಜಿ


ಮೇ 6

ಸೂಜಿ,

ಮೋಡ ಹೋದಳು.

ಅತ್ತೆಗೆ ಜ್ವರ ಬಂದು ಮೂರು ದಿನ ಮಲಗಿದ್ದರು. ಮಂಗಳವಾರ ಬೆಳಿಗ್ಗೆ ನಾನು ಕಾಳು ಹಾಕಿದಾಗ ನಾಲ್ವರೇ ಬಂದರು. ಹುಡುಕಿದರೆ ಮೋಡ ನೀರು ಸೋಸುವ ಯಂತ್ರದ ಹಿಂದೆ ಮೂಲೆಯಲ್ಲಿ ರೆಕ್ಕೆ ಮುದುರಿ ನಿಂತಿದ್ದಾಳೆ. ಮೈಯುದ್ದಕ್ಕೂ ಮಂಕು ಗೆರೆ ಎದ್ದಿವೆ. ಬಾಲದಲ್ಲಿ ಒಂದು ಸಣ್ಣ ಕಚ್ಚು. ನನಗೆ ಆಗಲೇ ಗೊತ್ತಾಯಿತು. ಅಂಗಡಿಯಾಕೆ ಹೇಳಿದ ಲಕ್ಷಣವೇ ಅದು. ಸಣ್ಣ ತೊಟ್ಟಿ ಸಿದ್ಧವಾಗಿತ್ತು, ಎತ್ತಿ ಹಾಕಲು ಎರಡು ನಿಮಿಷ ಸಾಕಿತ್ತು.

ಹಾಕಲಿಲ್ಲ. ಐವರೂ ಒಟ್ಟಿಗಿದ್ದಾರೆ, ಎಲ್ಲ ಚೆನ್ನಾಗಿದೆ ಎಂಬ ಆ ಮಾತು ಕೆಡುವುದು ನನಗೆ ಬೇಡವಾಗಿತ್ತು. ನಾಳೆ ಸರಿಹೋಗಬಹುದು ಅಂದುಕೊಂಡೆ. ಮಲಗಿದ್ದಲ್ಲಿಂದ ಅತ್ತೆ ‘ಐವರೂ ಹುಷಾರಾಗಿದಾರೇನೇ?’ ಎಂದು ಕೇಳಿದರು. ‘ಹುಷಾರಾಗಿದಾರೆ’ ಎಂದೆ. ಬುಧವಾರವೂ ಕೇಳಿದರು. ಬುಧವಾರವೂ ಹಾಗೇ ಹೇಳಿದೆ.

ಗುರುವಾರ ನೋಡಿದರೆ ಬಾಲ ಅರ್ಧ ಇರಲಿಲ್ಲ. ಆಗ ಎತ್ತಿ ಬೇರೆ ಹಾಕಿದೆ. ಶುಕ್ರವಾರ ಮಧ್ಯಾಹ್ನ ಹೋದಳು.

ಅತ್ತೆ ಎದ್ದು ಬಂದು ಸಣ್ಣ ತೊಟ್ಟಿಯ ಮುಂದೆ ನಿಂತರು. ‘ಯಾವಾಗ ಶುರುವಾಯ್ತು ಇದು?’ ಎಂದರು. ಹೇಳಿದೆ. ಅವರು ಬೈಯಲಿಲ್ಲ. ನೋಟುಪುಸ್ತಕ ತೆಗೆದು ಅವಳು ಹೋದ ಹೊತ್ತು ಬರೆದರು. ಬರೆಯುತ್ತಲೇ ತಲೆಯೆತ್ತದೆ ಅಂದರು: ‘ನೋಡಿದ ದಿನವೇ ಹೇಳ್ಬೇಕಿತ್ತು ಕಣೆ. ಎರಡು ದಿನ ಅಂದ್ರೆ ಎಷ್ಟು ದೊಡ್ಡದು ಗೊತ್ತಾ ನಿಂಗೆ?’

ಗೊತ್ತು, ಸೂಜಿ. ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ನಿನಗೆ ಇನ್ನೊಂದು ಬರೆಯಬೇಕು. ಇವತ್ತು ಕೈ ನಡೆಯುತ್ತಿಲ್ಲ.

ಅತ್ತಿಗೆ


ಮೇ 9

ಸೂಜಿ,

ಇದನ್ನು ಒಬ್ಬಳೇ ಇರುವಾಗ ಓದು.

ಡಾಕ್ಟರು ನಿಮ್ಮಣ್ಣನಿಗೆ ಇನ್ನು ಹೆಚ್ಚೆಂದರೆ ಒಂದು ವಾರ ಎಂದು ಹೇಳಿದ್ದು ಸೋಮವಾರ ಬೆಳಿಗ್ಗೆ. ಅದೇ ಹೊತ್ತಿಗೆ ನಿನ್ನ ಹಡಗು ಬಂದರಿನಲ್ಲಿತ್ತು. ಬುಧವಾರ ಸಂಜೆವರೆಗೂ ಅಲ್ಲೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ನೀನು ಕಳಿಸಿದ ವೇಳಾಪಟ್ಟಿ ಅಡುಗೆಮನೆಯ ಗೋಡೆಯ ಮೇಲಿತ್ತು. ಕಂಪನಿಗೆ ಸುದ್ದಿ ಮುಟ್ಟಿಸುವ ನಂಬರು ಇದ್ದದ್ದು ನನ್ನೊಬ್ಬಳ ಹತ್ತಿರ. ನಾನು ಸುದ್ದಿ ಕಳಿಸಿದ್ದು ಬುಧವಾರ ಸಂಜೆ, ಹಡಗು ಹೊರಟ ಮೇಲೆ.

ಮರೆತದ್ದಲ್ಲ. ಗಾಬರಿಯೂ ಅಲ್ಲ. ಬೇಕೆಂದೇ ತಡ ಮಾಡಿದೆ.

ನೀನು ಬಂದಾಗಲೆಲ್ಲ ಅವರು ಬೇರೆಯವರಾಗಿಬಿಡುತ್ತಿದ್ದರು. ನಿಮ್ಮಿಬ್ಬರದೇ ಒಂದು ನಗು, ಅರ್ಧಕ್ಕೇ ನಿಲ್ಲಿಸಿದರೂ ಇಬ್ಬರಿಗೂ ತಿಳಿಯುವ ಮಾತು. ನಾನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ಕೊನೆಯ ಆ ಕೆಲವು ದಿನವಾದರೂ ಅವರು ನಿನ್ನ ಅಣ್ಣನಾಗದೆ ನನ್ನವರಾಗಿಯೇ ಇರಲಿ ಅನ್ನಿಸಿತು. ಅತ್ತೆ ಸೋಮವಾರವೇ ‘ಅವಳಿಗೆ ತಿಳಿಸಿದ್ಯಾ?’ ಎಂದು ಕೇಳಿದರು. ತಿಳಿಸಿದೆ ಎಂದೆ. ಅವರು ನಿನಗೆ ಅಂದ ಆ ಮಾತಿನ ಬೇರು ನಾನು.

ನಿನ್ನೆ ಅವರಿಗೂ ಹೇಳಿದೆ. ಎಲ್ಲವನ್ನೂ ಕೇಳಿ, ಎದ್ದು, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕ್ಷಮಿಸು ಎಂದು ಬರೆಯುವ ಧೈರ್ಯ ನನಗಿಲ್ಲ.

ಅತ್ತಿಗೆ


ಮೇ 30

ಮಗಳೇ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಚಾರ್ಟು ಬರೆದು ಮಾತ್ರ ಗೊತ್ತು.

‘ಮನಸ್ಸಿದ್ದಿದ್ರೆ ಬರ್ತಿದ್ದೆ’ ಎಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ವಾರ್ಡಿಗೆ ಬಂದ ಹೊಸ ಹುಡುಗಿಯರಿಗೆಲ್ಲ ಹೇಳುತ್ತಿದ್ದೆ, ರೋಗಿಯನ್ನು ಕೇಳದೆ ಚಾರ್ಟು ತುಂಬಬೇಡಿ ಎಂದು. ನಿನ್ನನ್ನು ಒಂದು ಮಾತು ಕೇಳದೆ ನಾನೇ ತುಂಬಿದೆ. ತಪ್ಪು ನನ್ನದೂ ಇದೆ.

ನಿನ್ನ ಅತ್ತಿಗೆಯ ಮೇಲೆ ನನಗೆ ಸಿಟ್ಟಿದೆ. ಎಂಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಒಂಬತ್ತನೇ ದಿನ ತೊಟ್ಟಿಯ ನೀರು ಬದಲಿಸಬೇಕಿತ್ತು. ಆ ಬಕೆಟ್ಟು ಎತ್ತುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ‘ಆ ಕಡೆ ಹಿಡಿ’ ಎಂದೆ. ಹಿಡಿದಳು. ಆಮೇಲೆ, ನಾನು ಮನೆ ಬಿಟ್ಟು ಹೋಗುತ್ತೇನೆ ಅತ್ತೆ ಎಂದಳು. ‘ಎಲ್ಲಿಗೆ ಹೋಗ್ತೀಯೆ? ಮೊದಲು ನೆಲ ಒರೆಸು, ಜಾರತ್ತೆ’ ಎಂದೆ. ಇದನ್ನು ಕ್ಷಮೆ ಎಂದು ತಿಳಿಯಬೇಡ. ಅದು ನೀನು ಕೊಡಬೇಕಾದದ್ದು, ನಾನಲ್ಲ. ಕೊಡದಿದ್ದರೂ ನಾನು ಏನೂ ಅನ್ನುವುದಿಲ್ಲ.

ಇನ್ನೊಂದು. ಅವಳೇ ಬಾಯಿಬಿಡದಿದ್ದರೆ ನನಗಾಗಲಿ ನಿನಗಾಗಲಿ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದನ್ನೂ ಬರೆದಿಡಬೇಕು. ಬರೆದಿದ್ದೇನೆ.

ನಾಲ್ವರೂ ಚೆನ್ನಾಗಿ ಉಣ್ಣುತ್ತಿದ್ದಾರೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಜುಲೈ 18

ಅತ್ತಿಗೆ,

ನಿಮ್ಮ ಕಾಗದ ಬಂದು ಐದು ವಾರವಾಯಿತು. ಏಳು ಸಲ ಉತ್ತರ ಬರೆದು ಹರಿದೆ. ಅವುಗಳಲ್ಲಿ ಒಂದನ್ನಾದರೂ ಕಳಿಸಿದ್ದರೆ ನೀವು ಮತ್ತೆ ನನ್ನ ಮುಖ ನೋಡುತ್ತಿರಲಿಲ್ಲ.

ಆ ಸೋಮವಾರ ನಾನೇನು ಮಾಡುತ್ತಿದ್ದೆ ಗೊತ್ತೇ? ಬಂದರಿನಲ್ಲಿ ಇಳಿದು ಹಿತ್ತಾಳೆ ಗುಂಡಿ ಹುಡುಕುತ್ತ ಅಂಗಡಿ ಅಂಗಡಿ ಅಲೆಯುತ್ತಿದ್ದೆ. ಸಿಗಲಿಲ್ಲ. ಮಂಗಳವಾರ ಕೆಲಸವೇ ಇರಲಿಲ್ಲ. ಒಂದು ಬೆಂಚಿನ ಮೇಲೆ ಕೂತು, ಹಕ್ಕಿಗಳು ರೊಟ್ಟಿಯ ಚೂರಿಗೆ ಕಿತ್ತಾಡುವುದನ್ನು ನೋಡಿದೆ. ನನಗೆ ಬೇಸರವಾಗಿತ್ತು, ಅತ್ತಿಗೆ. ಹೊತ್ತು ಹೋಗುತ್ತಿಲ್ಲ ಎಂದು ಬೇಸರ! ಸೋಮವಾರವೇ ಅಲ್ಲಿಂದ ಹೊರಟಿದ್ದರೆ ಮಂಗಳವಾರ ಸಂಜೆಗೆ ಮನೆಯಲ್ಲಿರುತ್ತಿದ್ದೆ. ಅಣ್ಣನ ಕೈ ಹಿಡಿದುಕೊಂಡು ಕೂತಿರುತ್ತಿದ್ದೆ.

ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ. ಕೆಲವು ದಿನ ಬೆಳಿಗ್ಗೆ ಕ್ಷಮಿಸಿರುತ್ತೇನೆ, ಸಂಜೆಗೆ ಇರುವುದಿಲ್ಲ.

ಒಂದೇ ಒಂದು ಕೇಳುತ್ತೇನೆ. ನನ್ನ ಆ ಎರಡು ದಿನ ನಿಮ್ಮ ಹತ್ತಿರ ಇವೆ. ಅವನ್ನು ನನಗೆ ಕೊಡಿ. ಅಣ್ಣ ಏನು ಮಾತಾಡಿದ, ಏನು ತಿಂದ, ಯಾವುದಕ್ಕೆ ನಕ್ಕ, ಎಷ್ಟು ಹೊತ್ತು ಮಲಗಿದ, ಎಲ್ಲ. ನಿಮಗಾಗಿ ಬಚ್ಚಿಟ್ಟುಕೊಂಡದ್ದನ್ನೂ ಸೇರಿಸಿ. ಏನನ್ನೂ ಬಿಡಬೇಡಿ. ಚೆಂದ ಮಾಡಿ ಬರೆಯುವುದೂ ಬೇಡ.

ಸೂಜಿ


ಆಗಸ್ಟ್ 5

ಪ್ರೀತಿಯ ಸೂಜಿಗೆ,

ಸೋಮವಾರ. ಡಾಕ್ಟರು ಹೋದ ಮೇಲೆ ಉಗುರು ಕತ್ತರಿಸು ಎಂದರು. ಹತ್ತೂ ಬೆರಳು ಕತ್ತರಿಸಿದೆ. ‘ಎಷ್ಟು ಹುಷಾರಾಗಿ ಹಿಡಿದಿದೀಯ, ಲೆನ್ಸ್ ಏನು ಇದು?’ ಎಂದು ಛೇಡಿಸಿದರು. ಎರಡು ಚಮಚ ಗಂಜಿ ಕುಡಿದರು. ಮಂಚವನ್ನು ಮೀನಿನ ತೊಟ್ಟಿಯ ಎದುರಿಗೆ ಎಳೆಸಿಕೊಂಡರು. ನೀಲಿ ಮೀನು ನೀರಿನ ಮೇಲೆ ಗುಳ್ಳೆ ಗುಳ್ಳೆಯಾಗಿ ಗೂಡು ಕಟ್ಟುತ್ತಿತ್ತು. ‘ಹೆಣ್ಣಿನ ಸುಳಿವಿಲ್ಲ, ಇವನು ಮನೆ ಕಟ್ತಾ ಇದಾನೆ, ನೋಡು’ ಎಂದು ನಕ್ಕರು. ಸಂಜೆಯವರೆಗೂ ಅದನ್ನೇ ನೋಡಿದರು. ಹಸಿರು ಬೆಳಕು ಅವರ ಮುಖದ ಮೇಲೆ ಓಡಾಡುತ್ತಿತ್ತು. ನೋವಿದೆಯಾ ಎಂದು ಕೇಳಿದೆ. ‘ಇದೆ. ಆದ್ರೆ ಪಕ್ಕದ ಮನೇಲಿ ಇದೆ’ ಎಂದರು.

ಮಂಗಳವಾರ ಬೆಳಿಗ್ಗೆ ತಮ್ಮಷ್ಟಕ್ಕೆ ನಗುತ್ತಿದ್ದರು. ಯಾಕೆ ಎಂದೆ. ನಿನಗೆ ಏಳು ವರ್ಷವಿದ್ದಾಗ, ಅವರು ಮಲಗಿದ್ದಾಗ ಅವರ ಅಂಗಿಯ ತೋಳನ್ನು ದಿಂಬಿಗೆ ಸೇರಿಸಿ ಹೊಲಿದುಬಿಟ್ಟಿದ್ದೆಯಂತೆ. ಎದ್ದವರು ದಿಂಬು ನೇತಾಡಿಸಿಕೊಂಡೇ ಬಾಗಿಲವರೆಗೆ ಓಡಿದರಂತೆ. ಅವತ್ತಿನಿಂದ ನಿನಗೆ ಆ ಹೆಸರು. ಹೇಳುತ್ತ ಹೇಳುತ್ತ ಕೆಮ್ಮು ಬರುವವರೆಗೂ ನಕ್ಕರು. ಹನ್ನೊಂದು ವರ್ಷದಲ್ಲಿ ನನಗೆ ಅದನ್ನು ಹೇಳಿರಲಿಲ್ಲ. ನನಗೆ ಆಗಲೂ ಹೊಟ್ಟೆಕಿಚ್ಚಾಯಿತು, ಸೂಜಿ. ಏನನ್ನೂ ಬಿಡಬೇಡಿ ಎಂದಿದ್ದೀಯ, ಅದಕ್ಕೇ ಬರೆದೆ.

ಮಧ್ಯಾಹ್ನ ಕೇಳಿದರು: ‘ಅವಳಿಗೆ ಹೇಳಿದ್ಯಾ?’

‘ಹೇಳಿದೀನಿ. ಹೊರಟಿದಾಳೆ’ ಎಂದೆ.

ಅವರ ಮುಖ ಹಗುರಾಯಿತು. ‘ಕಿಟಕಿ ಪಕ್ಕದ ಮಂಚ ಅವಳಿಗೆ ಕೊಡು. ಹಡಗಲ್ಲಿ ಬಿಸಿಲೇ ಕಂಡಿರಲ್ಲ’ ಎಂದರು. ನಾನು ಹೊಸ ಹಾಸು ತೆಗೆದು, ಅವರ ಕಣ್ಣೆದುರಿಗೇ ಆ ಮಂಚದ ಮೇಲೆ ಹಾಸಿದೆ. ಬರದವಳಿಗೆ ಹಾಸಿಗೆ ಹಾಸುತ್ತಿದ್ದೇನೆ ಎಂದು ಗೊತ್ತಿದ್ದೂ ಹಾಸಿದೆ. ‘ಆ ಮೂಲೆ ಸುಕ್ಕಾಗಿದೆ. ಅವಳು ಬಂದ್ರೆ ಬೈತಾಳೆ’ ಎಂದರು. ಸುಕ್ಕು ಬಿಡಿಸಿದೆ. ಅದನ್ನೇ ನೋಡುತ್ತ ನಿದ್ದೆಹೋದರು. ಸಂಜೆ ಆರರವರೆಗೂ ಏಳಲಿಲ್ಲ. ಅಷ್ಟು ಒಳ್ಳೆಯ ನಿದ್ದೆ ತಿಂಗಳಿಂದ ಬಂದಿರಲಿಲ್ಲ.

ಬುಧವಾರ ಬಹುಪಾಲು ಮಂಪರು. ಒಮ್ಮೆ ಕಣ್ಣು ಬಿಟ್ಟು ಖಾಲಿ ಮಂಚದ ಕಡೆ ನೋಡಿ ‘ಬಂದ್ಲಾ?’ ಎಂದರು. ‘ದಾರೀಲಿದಾಳೆ’ ಎಂದೆ. ‘ಬಂದ ಕೂಡ್ಲೆ ಎಬ್ಬಿಸು ನನ್ನ’ ಎಂದರು. ಆ ಮಾತಿನ ಮುಂದೆ ನಿಲ್ಲಲಾಗದೆ ಹೊರಗೆ ಹೋಗಿ ಸುದ್ದಿ ಕಳಿಸಿದೆ. ಹಡಗು ಹೋಗಿತ್ತು. ಗುರುವಾರ ಮಾತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ನಿಮ್ಮಮ್ಮ ಕೈ ಹಿಡಿದು ನಾಡಿ ನೋಡುತ್ತಿದ್ದರು. ಅವರೇ ಮೆಲ್ಲಗೆ ಕೈ ಕೆಳಗಿಟ್ಟರು.

ನೀನು ಬರುತ್ತಿದ್ದೀಯ ಎಂದು ನಂಬಿಕೊಂಡೇ ಹೋದರು. ಅದು ಸುಳ್ಳಾಗಿತ್ತು, ಆ ಸುಳ್ಳು ನನ್ನದಾಗಿತ್ತು. ಆದರೆ ಅವರ ಮನಸ್ಸಿನಲ್ಲಿ ನೀನು ಆ ಎರಡು ದಿನವೂ ದಾರಿಯಲ್ಲೇ ಇದ್ದೆ. ನನ್ನ ಹತ್ತಿರ ಇದ್ದದ್ದು ಇಷ್ಟೇ. ಏನೂ ಉಳಿಸಿಕೊಂಡಿಲ್ಲ.

ಮಂಚ ಅಲ್ಲೇ ಇದೆ. ಬರುವುದಾದರೆ ಹಾಸಿಡುತ್ತೇನೆ.

ಅತ್ತಿಗೆ


ಸೆಪ್ಟೆಂಬರ್ 1

ಅತ್ತಿಗೆ,

ಕೈ ಸೇರಿತು. ಗೆಳತಿಯರಿಗೆ ಓದಿ ಹೇಳಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಓದಿದೆ. ದಿಂಬಿನ ಕಥೆ ಬರುವಲ್ಲಿ ನಕ್ಕೆ. ಆಮೇಲೆ ಆ ದಿನ ಯಂತ್ರ ಓಡಿಸಲಾಗಲಿಲ್ಲ.

ರಜೆ ಸಿಕ್ಕಿದೆ. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಮನೆಯಲ್ಲಿರುತ್ತೇನೆ. ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ. ನಿಮ್ಮನ್ನು ಕಂಡಾಗ ನನಗೆ ಏನಾಗುತ್ತದೋ ಅದೂ ಗೊತ್ತಿಲ್ಲ. ಜೋರಾಗಿ ಮಾತಾಡಿಬಿಟ್ಟರೆ ನಡುವೆ ಬರಬೇಡಿ ಎಂದು ಅಮ್ಮನಿಗೆ ಹೇಳಿರಿ.

ಆ ಮಂಚದ ಮೇಲೆ ಈ ಸಲ ನೀವು ಏನೂ ಹಾಸಬೇಡಿ. ನಾನೇ ಬಂದು ಹಾಸಿಕೊಳ್ಳುತ್ತೇನೆ.

ಸೂಜಿ